ಹಳೇ ಬ್ಯಾಂಡು, ಹೊಸ ಆಲ್ಬಂ, ನಡುವಿನ ವರ್ಷಗಳು

1963ರ ಫೆಬ್ರವರಿ 11ರಂದು ಬೆಳಿಗ್ಗೆ ಲಂಡನ್ನಿನ ಅಬ್ಬೆ ರೋಡ್‌ನ ಇಎಂಐ ಸ್ಟುಡಿಯೋ ಹೊಕ್ಕ ಬೀಟಲ್ಸ್ ಹುಡುಗರು ರಾತ್ರಿ ಹೊರಬೀಳುವ ಹೊತ್ತಿಗೆ ತಮ್ಮ ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು ಮುಗಿಸಿದ್ದರು. ಜಾನ್ ಲೆನನ್‌ಗೆ ಜೋರು ನೆಗಡಿ. ಹಾಗಾಗಿ ಗಂಟಲು ಹರಿಯುವಂತೆ ಕೂಗಿ ಹಾಡಬೇಕಾದ ಹಾಡನ್ನು ಕಟ್ಟಕಡೆಗೆ ಇಟ್ಟುಕೊಂಡರು. ಆರು ವರ್ಷ ಕಳೆದ ಮೇಲೆ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ಕೂಡ ತನ್ನ ಮೊದಲ ಆಲ್ಬಮ್ಮನ್ನು ಒಂದೇ ದಿನದಲ್ಲಿ ನುಡಿಸಿ ಎದ್ದಿತು. ಅದು 1970ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂತು, ಎರಡನೆಯದು ಅದೇ ಸೆಪ್ಟೆಂಬರಿನಲ್ಲಿ. ಇದೇ ಬ್ಯಾಂಡಿಗೆ ಓಝಿ ಆಸ್ಬರ್ನ್ 1978ರಲ್ಲಿ ಒಂದು ಸ್ಟುಡಿಯೋ ಆಲ್ಬಂ ಹಾಡಿದ್ದ. ಅವನ ದನಿಯಿದ್ದ ಮುಂದಿನದು '13'. ಅದು ಬಂದದ್ದು 2013ರಲ್ಲಿ.

ಇಂಥ ಅಂತರ ಕಂಡಾಗಲೆಲ್ಲ ಅಭಿಮಾನಿಗಳ ಬಾಯಲ್ಲಿ ಬರುವುದು ಒಂದೇ ಮಾತು: ವಯಸ್ಸಾಯಿತು, ಮೊದಲಿನ ಕಸುವಿಲ್ಲ. ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಆ ಹುಡುಗರು ಅಷ್ಟು ಬೇಗ ಆಲ್ಬಂ ಮಾಡುತ್ತಿದ್ದುದು ಯಾಕೆ ಎಂದು ಮೊದಲು ಕೇಳಿಕೊಳ್ಳಬೇಕು.

ಅವರ ಬೆನ್ನ ಹಿಂದೆ ಕರಾರು ಪತ್ರವಿತ್ತು. ಅರವತ್ತರ ದಶಕದ ರೆಕಾರ್ಡ್ ಕಂಪನಿಗಳು ವರ್ಷಕ್ಕೆ ಎರಡು ಆಲ್ಬಂ, ಮೇಲೆ ಒಂದಿಷ್ಟು ಸಿಂಗಲ್‌ಗಳು ಎಂದು ಬರೆಸಿಕೊಳ್ಳುತ್ತಿದ್ದುದು ಮಾಮೂಲು. ಹಾಡು ಜನಪ್ರಿಯವಾದರೂ ಆರು ತಿಂಗಳಲ್ಲಿ ಜನ ಮರೆಯುತ್ತಾರೆ ಎಂಬ ಭಯ ಕಂಪನಿಗೂ ಇತ್ತು, ಹುಡುಗರಿಗೂ ಇತ್ತು. ಬೀಚ್ ಬಾಯ್ಸ್ 1963ರಲ್ಲಿ ಮೂರು ಆಲ್ಬಂ ತಂದರು. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ 1969ರಲ್ಲಿ ಮೂರು ತಂದಿತು, ಅವುಗಳಲ್ಲಿ ಒಂದೂ ಕಳಪೆಯಲ್ಲ. ರೆಕಾರ್ಡಿಂಗಿನ ಖರ್ಚನ್ನು ಕಂಪನಿ ಮುಂಗಡವಾಗಿ ಕೊಟ್ಟು, ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತಿತ್ತು. ಬಾಕಿ ತೀರಬೇಕಾದರೆ ಇನ್ನೊಂದು ಆಲ್ಬಂ ಬೇಕು. ಊರೂರು ಸುತ್ತಿ ನುಡಿಸುವುದು ರೆಕಾರ್ಡ್ ಮಾರುವ ಪ್ರಚಾರ ಅಷ್ಟೇ. ಎಷ್ಟೋ ಸಲ ಟೂರಿನಲ್ಲಿ ನಷ್ಟವಾಗಿ ಅದನ್ನೂ ಕಂಪನಿಯೇ ತುಂಬಿಕೊಡಬೇಕಾಗುತ್ತಿತ್ತು. ಈ ಲೆಕ್ಕ ನೆನಪಿನಲ್ಲಿರಲಿ, ಮುಂದೆ ಪೂರ್ತಿ ತಲೆಕೆಳಗಾಗುವುದು ಇದೇ.

ಮೊದಲು ಬದಲಾದದ್ದು ಸ್ಟುಡಿಯೋ. ಬೀಟಲ್ಸ್ 1966ರ ಆಗಸ್ಟಿನಲ್ಲಿ ಟೂರ್ ನಿಲ್ಲಿಸಿದರು. ಮರುವರ್ಷ ಬಂದ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿಗೆ ಐದು ತಿಂಗಳು ಹಿಡಿಯಿತು, ಅದೂ ಕೇವಲ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ. ಎಪ್ಪತ್ತರ ದಶಕದ ನಡುವಿಗೆ ಇಪ್ಪತ್ನಾಲ್ಕು ಟ್ರ್ಯಾಕಿನ ಯಂತ್ರಗಳು ಬಂದು, ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕೆಂಬ ಕಟ್ಟುಪಾಡೇ ಹೋಯಿತು. ಇದರ ತುತ್ತತುದಿ ನೋಡಬೇಕಾದರೆ ಡೆಫ್ ಲೆಪರ್ಡ್‌ನ 'ಹಿಸ್ಟೀರಿಯಾ' ಆಲ್ಬಮ್ಮನ್ನು ನೋಡಬೇಕು. ನಿರ್ಮಾಪಕ ಮಟ್ ಲ್ಯಾಂಗ್ ಕೆಲವು ಕಡೆ ಗಿಟಾರಿನ ಒಂದು ಕಾರ್ಡನ್ನು ಇಡಿಯಾಗಿ ನುಡಿಸಲು ಬಿಡಲಿಲ್ಲ. ಒಂದು ತಂತಿ ಮೀಟಿ ರೆಕಾರ್ಡ್ ಮಾಡು, ಆಮೇಲೆ ಇನ್ನೊಂದು ತಂತಿ, ಆಮೇಲೆ ಮತ್ತೊಂದು. ಅವನ್ನೆಲ್ಲ ಸೇರಿಸಿದರೆ ಒಂದು ಕಾರ್ಡು. ಇದರ ನಡುವೆಯೇ, 1984ರ ಕೊನೆಯ ದಿನ, ಡ್ರಮ್ಮರ್ ರಿಕ್ ಆಲೆನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ. ಅವನು ಕಾಲಿನಿಂದಲೂ ಬಾರಿಸುವಂತೆ ಹೊಸ ಡ್ರಮ್ ಕಿಟ್ ಕಟ್ಟಿಸಿಕೊಂಡು ಅಭ್ಯಾಸ ಮಾಡುವ ತನಕ ಉಳಿದವರು ಕಾದರು. 1983ರ ಆಲ್ಬಮ್ಮಿನ ಮುಂದಿನದು 1987ರಲ್ಲಿ ಬಂತು. ಆಗ ಅವರಲ್ಲಿ ಯಾರಿಗೂ ಮುದಿತನದ ಸೋಂಕೂ ಇರಲಿಲ್ಲ.

ಎಂಬತ್ತರ ದಶಕದಲ್ಲಿ ಕಂಪನಿಗಳಿಗೂ ನಿಧಾನ ಹಿಡಿಸಿತು. ಸಿಡಿ ಬಂದು ಲಾಭ ಏರಿತು, ವಿಡಿಯೋ ಬಂತು, ಒಂದೇ ಆಲ್ಬಮ್ಮಿನಿಂದ ಐದಾರು ಸಿಂಗಲ್ ಹಿಂಡಿ ಎರಡು ವರ್ಷ ಮಾರುವುದು ರೂಢಿಯಾಯಿತು. ಮೆಟಾಲಿಕಾದ ಉದಾಹರಣೆ ಚೆನ್ನಾಗಿದೆ. 1983, 84, 86, 88: ಇದು ಹಸಿದ ಹುಡುಗರ ವೇಗ. 1991ರಲ್ಲಿ ಬಂದ, ಅಭಿಮಾನಿಗಳು 'ಬ್ಲ್ಯಾಕ್ ಆಲ್ಬಂ' ಎನ್ನುವುದು ಸ್ಟುಡಿಯೋದಲ್ಲೇ ಎಂಟು ತಿಂಗಳು ತಿಂದಿತು. ಅಮೆರಿಕದಲ್ಲೇ ಒಂದೂವರೆ ಕೋಟಿಗೂ ಮೀರಿ ಮಾರಿತು. ಅದನ್ನು ಹೊತ್ತು ಸುತ್ತಿದ ಟೂರ್ 1993ರವರೆಗೂ ಎಳೆಯಿತು. ಮುಂದಿನ ಆಲ್ಬಂ 1996ಕ್ಕೆ. ಇಷ್ಟು ಮಾರಿದವರನ್ನು ಅವಸರಪಡಿಸುವವರು ಯಾರು?

ಲೆಕ್ಕ ತಲೆಕೆಳಗಾದ ವರ್ಷ ಯಾವುದು ಎಂದರೆ ನಾನು 1989 ಎನ್ನುತ್ತೇನೆ. ಕೆನಡಾದ ಪ್ರವರ್ತಕ ಮೈಕಲ್ ಕೋಲ್ ರೋಲಿಂಗ್ ಸ್ಟೋನ್ಸ್‌ನ 'ಸ್ಟೀಲ್ ವೀಲ್ಸ್' ಟೂರನ್ನು ಇಡಿಯಾಗಿ ಕೊಂಡುಕೊಂಡ. ಟಿಕೆಟ್, ಟಿ-ಶರ್ಟು, ಪ್ರಾಯೋಜಕತ್ವ, ಟಿವಿ ಹಕ್ಕು ಎಲ್ಲ ಒಂದೇ ಗಂಟು. ಊರೂರಿನ ಪ್ರವರ್ತಕರ ಜೊತೆ ಬಿಡಿಬಿಡಿಯಾಗಿ ಚೌಕಾಸಿ ಮಾಡುವ ಹಳೇ ಪದ್ಧತಿ ದೊಡ್ಡ ಬ್ಯಾಂಡುಗಳ ಮಟ್ಟಿಗೆ ಅಲ್ಲಿಂದ ಕಳಚಿಕೊಳ್ಳುತ್ತ ಬಂತು. ಸ್ಟೋನ್ಸ್ ಪಟ್ಟಿಯನ್ನು ಈಗ ನೋಡಿ. 1971ರಿಂದ 1981ರ ನಡುವೆ ಎಂಟು ಸ್ಟುಡಿಯೋ ಆಲ್ಬಂ. 1989ರ ನಂತರದ ಹದಿನಾರು ವರ್ಷಗಳಲ್ಲಿ 1994, 1997, 2005ರ ಮೂರು. ಅಷ್ಟೇ. 2005ರಿಂದ 2007ರವರೆಗೆ ನಡೆದ 'ಎ ಬಿಗರ್ ಬ್ಯಾಂಗ್' ಟೂರಿನ ಟಿಕೆಟ್ ಗಳಿಕೆ ಸುಮಾರು 56 ಕೋಟಿ ಡಾಲರ್. ಆ ಟೂರಿಗೆ ಹೆಸರು ಕೊಟ್ಟ ಆಲ್ಬಂ ಎಷ್ಟು ಮಾರಿತೆಂದು ಯಾರೂ ತಲೆಕೆಡಿಸಿಕೊಂಡ ಹಾಗಿಲ್ಲ.

2003ರ ಏಪ್ರಿಲ್ 4ರಂದು ಇದೇ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿದ್ದರು. ಹಿಂದಿನ ವರ್ಷ ಬಂದಿದ್ದ 'ಫಾರ್ಟಿ ಲಿಕ್ಸ್' ಎಂಬ ಸಂಕಲನದ ಟೂರ್ ಅದು. ನಲವತ್ತು ಹಾಡುಗಳಲ್ಲಿ ಹೊಸವು ನಾಲ್ಕು. ಮೈದಾನಕ್ಕೆ ಹೋದ ಬೆಂಗಳೂರಿಗರು ಹೊಸದು ಬೇಕೆಂದು ಹೋದವರಲ್ಲ, ದಶಕಗಟ್ಟಲೆ ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಒಮ್ಮೆ ಎದುರಿಗೇ ಕೇಳಬೇಕೆಂದು ಹೋದವರು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗಲೂ ಕಥೆ ಬೇರೆಯೇನಲ್ಲ. ಹಳೆಯದೇ ಬೇಕೆಂಬ ಈ ಬಯಕೆಯನ್ನು ಧಿಕ್ಕರಿಸಿದವರೂ ಇದ್ದಾರೆ. ಐರನ್ ಮೇಡನ್ 2006ರ ಟೂರಿನಲ್ಲಿ ತನ್ನ ಹೊಸ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ವೇದಿಕೆ ಮೇಲೆ ನುಡಿಸಿತು. ಹಳೇ ಹಾಡು ಬೇಕೆಂದು ಗೊಣಗಿದವರ ಮಾತಿಗೆ ಸೊಪ್ಪು ಹಾಕಲಿಲ್ಲ. ಅಂಥ ಹಟ ಅಪರೂಪ.

ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದ 1999ರಲ್ಲಿ ಅಮೆರಿಕದ ರೆಕಾರ್ಡ್ ಉದ್ಯಮದ ವರಮಾನ ಸುಮಾರು 1,460 ಕೋಟಿ ಡಾಲರ್ ಇತ್ತು. ಹದಿನೈದು ವರ್ಷದಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯಿತು. ಸಂಗೀತ ಇನ್ನು ನಲ್ಲಿ ನೀರಿನ ಹಾಗೆ, ಕರೆಂಟಿನ ಹಾಗೆ ಹರಿಯುತ್ತದೆ, ಟೂರಿಗೆ ಸಿದ್ಧರಾಗಿ ಎಂದು ಡೇವಿಡ್ ಬೋವಿ 2002ರಲ್ಲೇ ಹೇಳಿದ್ದ. ಸ್ಟ್ರೀಮಿಂಗ್ ಬಂದ ಮೇಲೆ ಹಳೇ ಬ್ಯಾಂಡಿನ ಹೊಸ ಹಾಡಿಗೆ ನೇರ ಪೈಪೋಟಿ ಕೊಡುವುದು ಅದೇ ಬ್ಯಾಂಡಿನ ಹಳೇ ಹಾಡು. ಒಂದೇ ಪರದೆಯಲ್ಲಿ ಎರಡೂ ಅಕ್ಕಪಕ್ಕ. ಯಾವುದನ್ನು ಒತ್ತುತ್ತಾರೆ ಎಂಬುದು ಬ್ಯಾಂಡಿಗೂ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ವಯಸ್ಸನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಇಪ್ಪತ್ತರ ಹರೆಯದಲ್ಲಿ ನಾಲ್ವರೂ ಒಂದೇ ವ್ಯಾನಿನಲ್ಲಿ ಮಲಗುತ್ತಾರೆ, ಹಾಡು ಅಲ್ಲೇ ಹುಟ್ಟುತ್ತದೆ. ಐವತ್ತರಲ್ಲಿ ಅವರು ನಾಲ್ಕು ಊರಿನಲ್ಲಿರುತ್ತಾರೆ, ಹೆಂಡತಿ ಮಕ್ಕಳು, ವಕೀಲರು, ಹಳೇ ಮುನಿಸುಗಳ ಸಮೇತ. ಮೆಟಾಲಿಕಾ 2001ರಲ್ಲಿ ಹೊಸ ಆಲ್ಬಂ ಶುರುಮಾಡಿದಾಗ ಬ್ಯಾಂಡಿನವರ ಜಗಳ ಬಿಡಿಸಲೆಂದೇ ತಿಂಗಳಿಗೆ 40,000 ಡಾಲರ್ ಕೊಟ್ಟು ಒಬ್ಬ ಆಪ್ತಸಲಹೆಗಾರನನ್ನು ಇಟ್ಟುಕೊಂಡಿತ್ತು. ನಡುವೆ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಕೇಂದ್ರ ಸೇರಿದ. ವಾಪಸ್ ಬಂದವನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಕೆಲಸ ಎಂದ. ಉಳಿದ ಸಮಯ ಮನೆಗೆ, ಚೇತರಿಕೆಗೆ. ಮಾಡಿದ ರೆಕಾರ್ಡಿಂಗನ್ನು ತಾನಿಲ್ಲದಾಗ ಉಳಿದವರು ಕೇಳಿ ಚರ್ಚಿಸುವುದೂ ಅವನಿಗೆ ಹಿಡಿಸಲಿಲ್ಲ. ಡ್ರಮ್ಮರ್ ಲಾರ್ಸ್ ಉಲ್ರಿಕ್‌ನ ಸಿಟ್ಟು ನೆತ್ತಿಗೇರಿದ್ದೆಲ್ಲ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಸಾಕ್ಷ್ಯಚಿತ್ರದಲ್ಲಿದೆ. ಆಲ್ಬಂ ಬಂದದ್ದು 2003ರಲ್ಲಿ. ಅಷ್ಟು ಚೆನ್ನಾಗಿಲ್ಲ, ಚಿತ್ರವೇ ವಾಸಿ.

ಗನ್ಸ್ ಎನ್ ರೋಸಸ್‌ನದು ಇನ್ನೊಂದು ಬಗೆ. ಹಳಬರು ಹೆಚ್ಚುಕಡಿಮೆ ಎಲ್ಲರೂ ಬಿಟ್ಟುಹೋದ ಮೇಲೆ ಆಕ್ಸೆಲ್ ರೋಸ್‌ನನ್ನು ತಡೆಯುವವರೇ ಉಳಿಯಲಿಲ್ಲ, 'ಚೈನೀಸ್ ಡೆಮಾಕ್ರಸಿ' 2008ರ ತನಕ ಎಳೆದಾಡಿತು. ಮುಂದೆ ದೇಹವೇ ಗಡುವು ಹಾಕತೊಡಗುತ್ತದೆ. ಸಬ್ಬತ್‌ನ ಟೋನಿ ಐಯೊಮಿಗೆ 2012ರಲ್ಲಿ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಪತ್ತೆಯಾಯಿತು, '13' ಆಲ್ಬಮ್ಮಿನ ಕೆಲಸ ಚಿಕಿತ್ಸೆಯ ದಿನಗಳ ನಡುವಿನ ಬಿಡುವಿನಲ್ಲಿ ನಡೆಯಿತು. ಮೇಡನ್‌ನ ಬ್ರೂಸ್ ಡಿಕಿನ್ಸನ್‌ಗೆ ಗಂಟಲು ಭಾಗದ ಕ್ಯಾನ್ಸರ್ ಬಂದು, ಹಾಡಿ ಮುಗಿಸಿದ್ದ ಆಲ್ಬಮ್ಮೂ 2015ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು. ಎಸಿ/ಡಿಸಿಯ ಮಾಲ್ಕಮ್ ಯಂಗ್ ಮರೆವಿನ ಕಾಯಿಲೆಗೆ ಸಿಕ್ಕು 2017ರಲ್ಲಿ ತೀರಿಕೊಂಡ. 2020ರ ಆಲ್ಬಮ್ಮಿಗೆ ತಮ್ಮ ಆಂಗಸ್ ಬಳಸಿದ್ದು ಇಬ್ಬರೂ ಹಿಂದೆ ಕೂಡಿಹಾಕಿದ್ದ ರಿಫ್‌ಗಳನ್ನು.

ಆದರೂ ಗಡುವೊಂದಿದ್ದರೆ ಹಳಬರ ಕೈಯೂ ಚುರುಕಾಗಿಯೇ ಓಡುತ್ತದೆ. 1981ರಲ್ಲಿ ಸ್ಟೋನ್ಸ್‌ಗೆ ಟೂರ್ ನಿಗದಿಯಾಗಿತ್ತು, ಬ್ಯಾಂಡಿನ ಹಾಡು ಬರೆಯುತ್ತಿದ್ದ ಜ್ಯಾಗರ್ ಮತ್ತು ರಿಚರ್ಡ್ಸ್ ಒಟ್ಟಿಗೆ ಕೂತು ಬರೆಯುವ ಹದದಲ್ಲಿರಲಿಲ್ಲ. ಧ್ವನಿ ಎಂಜಿನಿಯರ್ ಕ್ರಿಸ್ ಕಿಮ್ಸಿ ಹಳೇ ಟೇಪುಗಳನ್ನು ಜಾಲಾಡಿ, ಮೂಲೆಗೆಸೆದ ಹಾಡುಗಳಿಂದಲೇ ಒಂದು ಆಲ್ಬಂ ಎಬ್ಬಿಸಿದ. ಬ್ಲೂಸ್ ಹಾಡುಗಳ 'ಬ್ಲೂ ಅಂಡ್ ಲೋನ್‌ಸಮ್' 2015ರ ಡಿಸೆಂಬರಿನಲ್ಲಿ ಮೂರೇ ದಿನದಲ್ಲಿ ಮುಗಿಯಿತು. ಆದರೆ ಸ್ವಂತ ಹಾಡುಗಳ ಆಲ್ಬಂ ಮಾತ್ರ ವರ್ಷಗಟ್ಟಲೆ ತೆವಳುತ್ತಿತ್ತು. ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡ. 2022ರ ಕೊನೆಯಲ್ಲಿ ಜ್ಯಾಗರ್ ತಾನೇ ಗಡುವು ಹಾಕಿದ: ಪ್ರೇಮಿಗಳ ದಿನದೊಳಗೆ, ಅಂದರೆ ಫೆಬ್ರವರಿ 14ರೊಳಗೆ, ಮುಗಿಸಲೇಬೇಕು. ಆಗ ಅವನಿಗೆ 79. ಆಂಡ್ರ್ಯೂ ವಾಟ್ ಎಂಬ ಮೂವತ್ತೆರಡರ ನಿರ್ಮಾಪಕ ಬಂದ, ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಾಡುಗಳು ರೆಕಾರ್ಡ್ ಆದವು. ಹದಿನೆಂಟು ವರ್ಷ ಬಾರದೆ ಸತಾಯಿಸಿದ 'ಹ್ಯಾಕ್ನಿ ಡೈಮಂಡ್ಸ್' 2023ರ ಅಕ್ಟೋಬರಿನಲ್ಲಿ ಅಂಗಡಿ ಮುಟ್ಟಿತು. ಡೀಪ್ ಪರ್ಪಲ್ ಅಂತೂ 2013, 2017, 2020, 2021, 2024 ಎಂದು ಈಗಲೂ ಹೆಚ್ಚುಕಡಿಮೆ ಎಪ್ಪತ್ತರ ದಶಕದ ಹುರುಪಿನಲ್ಲೇ ಇದೆ.

ಈಚಿನ ಪ್ರಯೋಗಗಳಲ್ಲಿ ನನಗೆ ಹಿಡಿಸಿದ್ದು ದ ಕ್ಯೂರ್‌ನದು. 2008ರ ನಂತರ ಹೊಸ ಆಲ್ಬಂ ಇಲ್ಲದ ಆ ಬ್ಯಾಂಡು 2022ರ ಅಕ್ಟೋಬರಿನಲ್ಲಿ ಲಾಟ್ವಿಯಾದ ರೀಗಾದಿಂದ ಟೂರ್ ಹೊರಟಿತು, ರೆಕಾರ್ಡೇ ಬಾರದ ಹಾಡುಗಳನ್ನು ಜನರೆದುರು ನುಡಿಸುತ್ತ. ಪಿಂಕ್ ಫ್ಲಾಯ್ಡ್ ಕೂಡ ತನ್ನ ಅತಿ ಪ್ರಸಿದ್ಧ ಆಲ್ಬಮ್ಮನ್ನು 1973ರಲ್ಲಿ ಹೊರತರುವ ಮುನ್ನ ವರ್ಷವಿಡೀ ವೇದಿಕೆಯಲ್ಲಿ ಹೀಗೆಯೇ ತಿದ್ದಿತ್ತು. ಕ್ಯೂರ್‌ನ ಹಾಡುಗಳು 2024ರ ನವೆಂಬರಿನಲ್ಲಿ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ಆಗಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಏರಿದವು. ಕೊಂಡವರಲ್ಲಿ ಎಷ್ಟೋ ಮಂದಿ ಅವನ್ನು ಆಗಲೇ ವೇದಿಕೆಯೆದುರು ನಿಂತು ಕೇಳಿದ್ದವರು.