ಕಿಡಿಗಿಂತ ಕಾವು ಹೆಚ್ಚು: ರೇಸಿಂಗ್ ಸ್ಪಾರ್ಕ್ ಪ್ಲಗ್ ಆಯ್ಕೆಯ ಚರಿತ್ರೆ

ಸ್ಪಾರ್ಕ್ ಪ್ಲಗ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಕಿಡಿಯಿಂದಲೇ ಆರಂಭಿಸುತ್ತಾರೆ. 1860ರಲ್ಲಿ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿನಲ್ಲಿ ವಿದ್ಯುತ್ ಕಿಡಿ ಬಳಸಿದ. 1902ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯ ಗಾಟ್ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಪ್ಲಗ್ ರೂಪಿಸಿದ. ಎರಡೂ ದೊಡ್ಡ ಘಟ್ಟಗಳು. ಆದರೆ ರೇಸಿನ ಎಂಜಿನ್ನಿಗೆ ಯಾವ ಪ್ಲಗ್ ಹೊಂದುತ್ತದೆ ಎಂಬ ಪ್ರಶ್ನೆಯನ್ನು ಹುಟ್ಟಿಸಿದ್ದು ಕಾವು. ಕಿಡಿಯ ಸುತ್ತಲಿನ ಅವಾಹಕದ (ಇನ್ಸುಲೇಟರ್) ಕಥೆಯೇ ಈ ಆಯ್ಕೆಯ ನಿಜವಾದ ಚರಿತ್ರೆ ಎಂಬುದು ಪ್ರಸ್ತುತ ಲೇಖನದ ವಾದ.

ಪ್ಲಗ್‌ನ ಒಳತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕಾಯಬೇಕು. ಇಲ್ಲದಿದ್ದರೆ ಮಸಿ ಸುಟ್ಟುಹೋಗದೆ ಅಂಟಿಕೊಳ್ಳುತ್ತದೆ, ವಿದ್ಯುತ್ತು ಅದರ ಮೂಲಕ ಸೋರಿ ಕಿಡಿ ತಪ್ಪುತ್ತದೆ. 850 ಡಿಗ್ರಿಯ ಆಚೆಗೆ ಹೋದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮುಂಚೆಯೇ ಮಿಶ್ರಣಕ್ಕೆ ಬೆಂಕಿ ಹತ್ತುತ್ತದೆ. ಆಗ ಪಿಸ್ಟನ್ ತೂತಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅವಾಹಕದ ಮೂಗು ಉದ್ದವಿದ್ದರೆ ಕಾವು ನಿಧಾನವಾಗಿ ಹೊರಹೋಗುತ್ತದೆ, ಅದು ಹಾಟ್ ಪ್ಲಗ್. ಗಿಡ್ಡವಿದ್ದರೆ ಬೇಗ ಹೋಗುತ್ತದೆ, ಅದು ಕೋಲ್ಡ್ ಪ್ಲಗ್.

ಈ ಸಂಕಟವನ್ನು ಚಕ್ರ ಹಿಡಿದೇ ಅನುಭವಿಸಿದವನು ಬ್ರಿಟನ್ನಿನ ಕೆನೆಲ್ಮ್ ಲೀ ಗಿನೆಸ್. 1914ರ ಟೂರಿಸ್ಟ್ ಟ್ರೋಫಿಯನ್ನು ಸನ್‌ಬೀಮ್ ಕಾರಿನಲ್ಲಿ ಗೆದ್ದ, 1922ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 133.75 ಮೈಲಿಯ ವೇಗದಾಖಲೆ ಬರೆದ ಚಾಲಕ ಈತ. ರೇಸಿನ ಕಾವಿಗೆ ಅಂದಿನ ಪ್ಲಗ್‌ಗಳ ಪಿಂಗಾಣಿ ಅವಾಹಕ ಬಿರುಕು ಬಿಡುತ್ತಿತ್ತು. ಗಿನೆಸ್ ಅಭ್ರಕಕ್ಕೆ ಕೈಹಾಕಿದ. ನಡುವಿನ ಎಲೆಕ್ಟ್ರೋಡ್‌ಗೆ ಅಭ್ರಕದ ಹಾಳೆ ಸುತ್ತಿ, ಅದರ ಮೇಲೆ ಅಭ್ರಕದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಗಿಯಾಗಿ ಒತ್ತಿ ಮಾಡಿದ ಪ್ಲಗ್ ಅದು. ಲಂಡನ್ನಿನ ಪಟ್ನಿ ವೇಲ್‌ನಲ್ಲಿ ಹಳೆಯ ಇನ್ ಒಂದರಲ್ಲಿ ಶುರುವಾದ ಈ ಕೆಲಸ ಅವನ ಹೆಸರಿನ ಮೊದಲಕ್ಷರಗಳಿಂದ ಕೆಎಲ್‌ಜಿ ಎಂದು ಪ್ರಸಿದ್ಧವಾಗಿ, ಮೊದಲ ಮಹಾಯುದ್ಧದ ವಿಮಾನಗಳಿಗೂ ಹೋಯಿತು. ಆ ಕಾಲದಲ್ಲಿ ಜಗತ್ತಿನ ಮಾರುಕಟ್ಟೆಯ ಹಾಳೆ ಅಭ್ರಕದ ದೊಡ್ಡ ಪಾಲು ಬಿಹಾರ, ನೆಲ್ಲೂರುಗಳ ಗಣಿಗಳಿಂದ ಹೋಗುತ್ತಿತ್ತು ಎಂಬುದನ್ನು ಮೋಟಾರು ಚರಿತ್ರೆಗಳು ಇನ್ನಷ್ಟು ಗಮನಿಸಬೇಕು.

ಅಭ್ರಕಕ್ಕೂ ಮಿತಿಯಿತ್ತು. ಪದರಗಳ ನಡುವೆ ಎಣ್ಣೆ ಇಳಿಯುತ್ತಿತ್ತು. 1920ರ ದಶಕದಲ್ಲಿ ಪೆಟ್ರೋಲಿಗೆ ಬೆರೆಯತೊಡಗಿದ ಸೀಸದ ಸಂಯುಕ್ತ ಅದನ್ನು ಕೊರೆಯಿತು. 1930ರ ದಶಕದಲ್ಲಿ ಜರ್ಮನಿಯ ಸೀಮೆನ್ಸ್, ಇಂಗ್ಲೆಂಡಿನ ಲಾಡ್ಜ್ ಮುಂತಾದವರು ಸುಟ್ಟು ಗಟ್ಟಿಮಾಡಿದ ಅಲ್ಯುಮಿನಾವನ್ನು ತಂದರು. ಪಿಂಗಾಣಿಗಿಂತ ಹಲವು ಪಟ್ಟು ವೇಗವಾಗಿ ಕಾವನ್ನು ಸಾಗಿಸುವ ಈ ಪದಾರ್ಥ ಇಂದಿಗೂ ನಮ್ಮ ಪ್ಲಗ್‌ಗಳಲ್ಲಿದೆ. ನನ್ನ ದೃಷ್ಟಿಯಲ್ಲಿ ಹೊನೋಲ್ಡ್‌ನ ಮ್ಯಾಗ್ನೆಟೊ ನಂತರದ ಅತಿ ದೊಡ್ಡ ತಿರುವು ಇದು.

ಆದರೂ ಒಂದೇ ಪ್ಲಗ್‌ನಲ್ಲಿ ಎಲ್ಲ ಕೆಲಸ ಆಗಲಿಲ್ಲ. ಆ ದಶಕದ ಗ್ರ್ಯಾಂಡ್ ಪ್ರಿ ಕಾರುಗಳನ್ನು ಹಾಟ್ ಪ್ಲಗ್ ಹಾಕಿ ಬೆಚ್ಚಗೆ ಮಾಡಿ, ಓಟಕ್ಕೆ ಮುನ್ನ ಅವೆಲ್ಲವನ್ನೂ ಬಿಚ್ಚಿ ಕೋಲ್ಡ್ ಪ್ಲಗ್ ಕೂರಿಸುತ್ತಿದ್ದರು. ಆಟೊ ಯೂನಿಯನ್ ಕಾರಿನ 16 ಸಿಲಿಂಡರುಗಳಿಗೆ ಈ ಕೆಲಸ ಎಷ್ಟು ತ್ರಾಸದ್ದೆಂದು ಊಹಿಸಬಹುದು. ಆಯ್ಕೆ ಸರಿಯಾಯಿತೇ ಎಂಬುದನ್ನು ಮೆಕ್ಯಾನಿಕ್ ಕಣ್ಣಿನಿಂದಲೇ ತೀರ್ಮಾನಿಸುತ್ತಿದ್ದ: ಪೂರ್ತಿ ವೇಗದಲ್ಲಿ ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡುವುದು. ತಿಳಿಕಂದು ಬಣ್ಣವಿದ್ದರೆ ಸರಿ. ಕಪ್ಪು ಮಸಿಯಿದ್ದರೆ ಪ್ಲಗ್ ತೀರಾ ತಣ್ಣಗಿದೆ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅಪಾಯ.

ಈ ಜ್ಞಾನ ಕನ್ನಡ ನಾಡಿಗೂ ಬಂದಿತು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಕಂಪನಿ ಬಾಷ್ ತಂತ್ರಜ್ಞಾನದ ಪ್ಲಗ್‌ಗಳನ್ನು ಮಾಡಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ-ಸ್ಟ್ರೋಕ್ ಬೈಕುಗಳು ಮದರಾಸಿನ ಬಳಿಯ ಶೋಲಾವರಂನ ರೇಸುಗಳಲ್ಲಿ ಓಡಿದವು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಪೆಟ್ರೋಲ್ ಜೊತೆಗೆ ಎಣ್ಣೆಯೂ ಉರಿಯುತ್ತದೆ. ಹಾಗಾಗಿ ಪ್ಲಗ್ ಆರಿಸುವುದು ಅಲ್ಲಿ ಇನ್ನೂ ಸೂಕ್ಷ್ಮ. ಆ ಬೈಕುಗಳನ್ನು ರೇಸಿಗೆ ಸಿದ್ಧಪಡಿಸಿದ ಮೈಸೂರು, ಬೆಂಗಳೂರಿನ ಮೆಕ್ಯಾನಿಕ್‌ಗಳು ಈಗ ಇಳಿವಯಸ್ಸಿನಲ್ಲಿದ್ದಾರೆ. ಯಾವ ಎಂಜಿನ್ನಿಗೆ ಯಾವ ಪ್ಲಗ್ ಹಾಕುತ್ತಿದ್ದರು, ಯಾಕೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆ ವಿಭಾಗಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.