ಕಾರ್ಖಾನೆಯೇ ಬಜಾರಿನ ರಾಡ್ ಕೊಂಡಾಗ: ಮಸ್ಟ್ಯಾಂಗ್ ಕೋಬ್ರಾ ಎಂಜಿನ್‌ನ ಕಥೆ

 

ಎಂಜಿನ್ ಬಿಲ್ಡ್ ಬಗ್ಗೆ ಮಾತಾಡಿದಾಗೆಲ್ಲ ನನಗೆ ಬರೋ ಪ್ರಶ್ನೆ ಒಂದೇ: "ಬ್ರೋ, ಟರ್ಬೊ ಹಾಕಿಸ್ತಿದ್ದೀನಿ, ಯಾವ ಕನೆಕ್ಟಿಂಗ್ ರಾಡ್ ತಗೊಳ್ಳಲಿ?" ಒಂದು ಸೆಟ್‌ನ ಬೆಲೆ ಇನ್ನೊಂದರ ಮೂರು ಪಟ್ಟು ಇರುತ್ತೆ, ಫೋಟೋದಲ್ಲಿ ನೋಡಿದ್ರೆ ಎರಡೂ ಒಂದೇ ಥರ. ನಾನು ಬಿಕಾಂ ಓದಿದವನು, ಸ್ಪ್ಯಾನರ್‌ಗಿಂತ ಲೆಡ್ಜರ್ ಹಿಡಿದಿದ್ದೇ ಜಾಸ್ತಿ. ಆದ್ರೆ ಇದೇ ಪ್ರಶ್ನೆಗೆ ಅಮೆರಿಕದ ಫೋರ್ಡ್ ಕಂಪನಿ ಇಪ್ಪತ್ತು ವರ್ಷಕ್ಕೂ ಹಿಂದೆ ಸ್ವಂತ ದುಡ್ಡು ಹಾಕಿ ಉತ್ತರ ಹುಡುಕಿತ್ತು. ಮೂರು ವರ್ಷದೊಳಗೆ ಎರಡು ಸಲ ಹುಡುಕಿತು, ಎರಡು ಸಲವೂ ಬೇರೆ ಬೇರೆ ಉತ್ತರ. ಇವತ್ತು ಆ ಕಥೆ.

ಮೊದಲು ಗೊತ್ತಿಲ್ಲದವರಿಗೆ ಒಂದು ನಿಮಿಷ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ, ಕ್ರ್ಯಾಂಕ್ ಗುಂಡಗೆ ತಿರುಗುತ್ತೆ. ಎರಡನ್ನೂ ಸೇರಿಸೋ ತೋಳೇ ಕನೆಕ್ಟಿಂಗ್ ರಾಡ್. ಮೇಲಿನ ಸಣ್ಣ ತೂತಿಗೆ ಪಿಸ್ಟನ್ ಪಿನ್, ಕೆಳಗಿನ ದೊಡ್ಡ ತೂತಿಗೆ ಕ್ರ್ಯಾಂಕ್. ದೊಡ್ಡ ತೂತು ಎರಡು ಹೋಳಾಗಿರುತ್ತೆ: ಅರ್ಧ ರಾಡಿನಲ್ಲಿ, ಇನ್ನರ್ಧ ಕ್ಯಾಪಿನಲ್ಲಿ. ಎರಡನ್ನೂ ಹಿಡಿದಿರೋದು ಬರೀ ಎರಡು ಬೋಲ್ಟ್. ಓಡ್ತಾ ಇರುವಾಗ ಇದು ಮುರಿದ್ರೆ ಬ್ಲಾಕನ್ನೇ ಒಡೆದುಕೊಂಡು ಹೊರಗೆ ಬರುತ್ತೆ. ಬಿಸಿ ಆಯಿಲ್ ರಸ್ತೆ ಮೇಲೆ, ನಿಮ್ಮದೇ ಟೈರ್ ಮೇಲೆ. ಆಮೇಲೆ ರಿಪೇರಿ ಅನ್ನೋ ಮಾತೇ ಬರಲ್ಲ.

ಈಗ ಮಿಷಿಗನ್ ರಾಜ್ಯದ ರೋಮಿಯೊ ಅನ್ನೋ ಊರಿಗೆ ಹೋಗೋಣ. 1996ರಿಂದ ಮಸ್ಟ್ಯಾಂಗ್ ಕೋಬ್ರಾದ 4.6 ಲೀಟರ್ ವಿ8 ಎಂಜಿನ್‌ಗಳನ್ನು ಅಲ್ಲಿನ ಫೋರ್ಡ್ ಕಾರ್ಖಾನೆಯಲ್ಲಿ ಕೈಯಿಂದ ಜೋಡಿಸ್ತಿದ್ರು. ಒಂದೊಂದು ಎಂಜಿನ್‌ಗೆ ಇಬ್ಬರು ಕೆಲಸಗಾರರು, ಮುಗಿದ ಮೇಲೆ ಇಬ್ಬರ ಸಹಿ ಇರೋ ಪುಟ್ಟ ಫಲಕ ಎಂಜಿನ್ ಮೇಲೆ. ಅಷ್ಟು ಪ್ರೀತಿಯಿಂದ ಕಟ್ಟಿದ ಎಂಜಿನ್ ಒಳಗಿದ್ದ ರಾಡ್ ಮಾತ್ರ ಸಾಮಾನ್ಯ ಕಾರಿನ ಥರದ್ದೇ: ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ, ಕಾಯಿಸಿ, ಬಡಿದು ಮಾಡಿದ ಪೌಡರ್ ಮೆಟಲ್ ರಾಡ್.

ಪುಡಿ ಅಂದ ಕೂಡಲೇ ಕಳಪೆ ಅಂದ್ಕೊಳ್ಬೇಡಿ. 1970ರ ದಶಕದ ಕೊನೆಗೆ ಪೋರ್ಷೆ 928ರಲ್ಲೇ ಇಂಥ ರಾಡ್ ಇತ್ತು. ಇದರಲ್ಲೊಂದು ಜಾಣ ಉಪಾಯವೂ ಇದೆ. ದೊಡ್ಡ ತೂತನ್ನು ಇಡಿಯಾಗಿಯೇ ಮಾಡಿ, ಸಣ್ಣ ಗೀರು ಹಾಕಿ, ಒಂದೇ ಏಟಿಗೆ ಬಿಸ್ಕತ್ ಥರ ಎರಡು ಹೋಳು ಮಾಡ್ತಾರೆ. ಆ ಒರಟು ಅಂಚು ತನ್ನದೇ ಜೋಡಿಗೆ ಮಾತ್ರ ಕೂರುತ್ತೆ, ಅಷ್ಟು ನಿಖರವಾಗಿ. ಮಷಿನಿಂಗ್ ಖರ್ಚು ಉಳೀತು. ನನ್ನಂಥ ಕಾಮರ್ಸ್‌ನವರಿಗೆ ಇದು ತುಂಬಾ ಇಷ್ಟ ಆಗೋ ಭಾಗ. ತೊಂದರೆ ಎಲ್ಲಿ ಅಂದ್ರೆ, ಹಳೇ ಕಾಲದ ರಾಡ್ ಆದ್ರೆ ಕ್ಯಾಪಿನ ಮುಖ ಸ್ವಲ್ಪ ತೇಯ್ದು, ಹೋನಿಂಗ್ ಮಾಡಿ, ತೂತನ್ನು ಮತ್ತೆ ಗುಂಡಗೆ ಮಾಡಬಹುದಿತ್ತು. ಇದರಲ್ಲಿ ಮುಖ ತೇಯ್ದ್ರೆ ಆ ಜೋಡಿಯೇ ಹೋಯ್ತು. ಸರಿ ಇರೋವರೆಗೆ ಸರಿ, ಆಮೇಲೆ ಎಸೀಬೇಕು.

1999ರಲ್ಲಿ ಫೋರ್ಡ್ ಮಾನ ಹೋಯ್ತು. ಹೊಸ ಕೋಬ್ರಾಗೆ 320 ಹಾರ್ಸ್‌ಪವರ್ ಅಂತ ಹೇಳಿ ಮಾರಿದ್ರು. ಕೊಂಡವರು ಡೈನೊ ಮೇಲೆ ಹತ್ತಿಸಿ ನೋಡಿದ್ರೆ ಅಷ್ಟಿಲ್ಲ. ಆ ಆಗಸ್ಟ್‌ನಲ್ಲಿ ಮಾರಾಟ ನಿಲ್ಲಿಸಿ, ಕಾರುಗಳನ್ನು ವಾಪಸ್ ಕರೆಸಿ, ಇನ್‌ಟೇಕ್, ಎಕ್ಸಾಸ್ಟ್, ಕಂಪ್ಯೂಟರ್ ಎಲ್ಲ ಬದಲಿಸಿ ಕೊಟ್ರು. 2000ದಲ್ಲಿ ಮಾಮೂಲಿ ಕೋಬ್ರಾ ಬರಲೇ ಇಲ್ಲ. ಬಂದಿದ್ದು ಕೋಬ್ರಾ ಆರ್ ಮಾತ್ರ. 5.4 ಲೀಟರ್, 385 ಹಾರ್ಸ್‌ಪವರ್, ಬೆಲೆ 54,995 ಡಾಲರ್. ಎಸಿ ಇಲ್ಲ, ರೇಡಿಯೊ ಇಲ್ಲ, ಹಿಂದಿನ ಸೀಟೂ ಇಲ್ಲ. ಮಾಡಿದ್ದು 300 ಕಾರು. ಅದರ ಎಂಜಿನ್‌ಗೆ ಪುಡಿಯ ರಾಡ್ ಹಾಕಲಿಲ್ಲ. ರೇಸ್‌ನವರು ಕೊಳ್ಳೋ ಕರಿಯೊ ರಾಡ್ ತಂದ್ರು. ಫ್ರೆಡ್ ಕರಿಯೊ ಕ್ಯಾಲಿಫೋರ್ನಿಯಾದ ಹಳೇ ವೇಗದ ಹುಚ್ಚಿನ ಮನುಷ್ಯ. ಅವರು 1963ರಲ್ಲಿ ಶುರು ಮಾಡಿದ ವರ್ಕ್‌ಶಾಪ್‌ನಿಂದಲೇ ಎಚ್-ಬೀಮ್ ರಾಡ್ ಅನ್ನೋದು ಜಗತ್ತಿಗೆ ಪರಿಚಯ ಆಗಿದ್ದು ಅಂದ್ರೂ ತಪ್ಪಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಎಂಜಿನ್‌ಗೆ ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ. ಹಾಗಿದ್ರೆ ಅಷ್ಟು ದುಬಾರಿ ರಾಡ್ ಯಾಕೆ?

ಫೋನ್‌ನ ಕ್ಯಾಲ್ಕುಲೇಟರ್ ತೆಗೀರಿ. 4.6 ಎಂಜಿನ್‌ನ ಸ್ಟ್ರೋಕ್ 90 ಮಿಲಿಮೀಟರ್, ರಾಡ್ ಉದ್ದ ಹತ್ತಿರ ಹತ್ತಿರ 151. ಪಿಸ್ಟನ್, ಪಿನ್, ರಾಡಿನ ತಲೆ ಎಲ್ಲ ಸೇರಿ ಅರ್ಧ ಕೆಜಿ ಅಂತ ಇಟ್ಕೊಳ್ಳೋಣ. 6,500 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿ ತಿರುಗೋ ಕ್ಷಣಕ್ಕೆ ಆ ಅರ್ಧ ಕೆಜಿ ರಾಡನ್ನು ಸುಮಾರು 1.4 ಟನ್ ಬಲದಲ್ಲಿ ಮೇಲಕ್ಕೆ ಎಳೆಯುತ್ತೆ. 5.4 ಎಂಜಿನ್‌ನಲ್ಲಿ ಸ್ಟ್ರೋಕ್ 105.8. ಅದೇ ಅರ್ಧ ಕೆಜಿ, ಅದೇ ಆರ್‌ಪಿಎಂ, ಎಳೆತ 1.6 ಟನ್ ದಾಟುತ್ತೆ. ಆರ್‌ಪಿಎಂ ಎರಡು ಪಟ್ಟಾದ್ರೆ ಎಳೆತ ನಾಲ್ಕು ಪಟ್ಟು. ಪವರ್ ಎಷ್ಟು ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಥ್ರಾಟಲ್ ಬಿಟ್ರೂ ಈ ಎಳೆತ ಇರುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ, ಹೊಗೆ ಹೊರಗೆ ಹೋಗೋ ಸ್ಟ್ರೋಕಿನ ತುದಿಯಲ್ಲಿ ಪಿಸ್ಟನ್ ಮೇಲೆ ಗ್ಯಾಸ್‌ನ ಒತ್ತಡ ಇರಲ್ಲ, ತಡೆಯೋರೇ ಇಲ್ಲ. ಪೂರ್ತಿ ಎಳೆತ ಬೀಳೋದು ಆ ಎರಡು ಬೋಲ್ಟ್ ಮೇಲೆ, ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ. ನಾಲ್ಕನೇ ಗೇರಿಗೆ ಹೋಗ್ಬೇಕಾದವರು ಅವಸರದಲ್ಲಿ ಎರಡಕ್ಕೆ ಹಾಕಿದಾಗ ಎಂಜಿನ್ ಒಡೆಯೋದು ಹೀಗೇ.

ಫೋರ್ಡ್‌ನ ಎರಡನೇ ಉತ್ತರ 2003ರ ಕೋಬ್ರಾ. ಅಭಿಮಾನಿಗಳು ಇವತ್ತಿಗೂ ಟರ್ಮಿನೇಟರ್ ಅಂತ ಕರೆಯೋ ಕಾರು. ಎಂಜಿನ್ ಮತ್ತೆ 4.6, ಆದ್ರೆ ಮೇಲೆ ಈಟನ್ ಸೂಪರ್‌ಚಾರ್ಜರ್ ಕೂತಿದೆ, 390 ಹಾರ್ಸ್‌ಪವರ್. ಅಲ್ಯೂಮಿನಿಯಂ ಬ್ಲಾಕ್ ತೆಗೆದು ಎರಕದ ಕಬ್ಬಿಣದ ಬ್ಲಾಕ್ ತಂದ್ರು. ಪಿಸ್ಟನ್ ಫೋರ್ಜ್ಡ್. ರಾಡ್ ಈ ಸಲ ನ್ಯೂಜೆರ್ಸಿಯ ಮ್ಯಾನ್ಲಿ ಕಂಪನಿಯ ಎಚ್-ಬೀಮ್.

ಇಲ್ಲಿ ಲೆಕ್ಕ ತಿರುಗುತ್ತೆ. ಬೋರ್ 90.2 ಮಿಲಿಮೀಟರ್. ಬೆಂಕಿ ಹೊತ್ತಿದಾಗ ಒಳಗೆ 100 ಬಾರ್ ಒತ್ತಡ ಅಂದ್ಕೊಳ್ಳಿ, ರಾಡ್ ಮೇಲೆ ಆರು ಟನ್‌ಗೂ ಜಾಸ್ತಿ ಭಾರ, ಈ ಸಲ ಕೆಳಮುಖವಾಗಿ. ಬೂಸ್ಟ್ ಏರಿಸಿದಷ್ಟೂ ಇದು ಏರುತ್ತೆ. ಆದ್ರೆ ಈ ಭಾರದಲ್ಲಿ ಬೋಲ್ಟ್‌ಗಳಿಗೆ ಕೆಲಸವೇ ಇಲ್ಲ. ತಡೀಬೇಕಾದ್ದು ರಾಡಿನ ಮೈ. ಮೈ ಸಣ್ಣ ಇದ್ರೆ ಬಾಗುತ್ತೆ, ಬಾಗಿದ್ದು ಇವತ್ತಲ್ಲ ನಾಳೆ ಮುರಿಯುತ್ತೆ.

ಅಂದ್ರೆ ಒಂದೇ ಕಂಪನಿ, ಒಂದೇ ವಂಶದ ಎಂಜಿನ್, ಎರಡು ಬೇರೆ ಕಷ್ಟ. ಉದ್ದ ಸ್ಟ್ರೋಕ್ ಮತ್ತು ರೇಸ್‌ಟ್ರ್ಯಾಕ್‌ನ ಆರ್‌ಪಿಎಂ ಇದ್ದ ಕಡೆ ಎಳೆತದ ಭಯ, ಬೂಸ್ಟ್ ಇದ್ದ ಕಡೆ ಒತ್ತಡದ ಭಯ. ಫೋರ್ಡ್ ಮೀಟಿಂಗ್‌ನಲ್ಲಿ ಹೀಗೇ ಮಾತಾಡಿದ್ರು ಅಂತ ನಾನು ಹೇಳ್ತಿಲ್ಲ, ಇದು ನನ್ನ ಓದು. ಇದರ ಜೊತೆಗೆ ಲೆಡ್ಜರ್ ಕೂಡ ನೋಡಿ. ಕೋಬ್ರಾ ಆರ್ 300 ಕಾರು, ಕಾರಿಗೆ 8 ರಾಡ್, ಒಟ್ಟು 2,400. ಟರ್ಮಿನೇಟರ್ ಎರಡು ವರ್ಷದಲ್ಲಿ 19 ಸಾವಿರಕ್ಕೂ ಹೆಚ್ಚು, ಅಂದ್ರೆ ಒಂದೂವರೆ ಲಕ್ಷ ರಾಡ್. 2,400ಕ್ಕೆ ಕೊಡೋ ಬೆಲೆಯನ್ನು ಒಂದೂವರೆ ಲಕ್ಷಕ್ಕೆ ಯಾವ ಅಕೌಂಟೆಂಟೂ ಒಪ್ಪಲ್ಲ. ಆದ್ರೂ ವಾಪಸ್ ಪುಡಿಯ ರಾಡಿಗೂ ಹೋಗಲಿಲ್ಲ ನೋಡಿ. 1999ರ ಅವಮಾನ ಆದ ಮೇಲೆ ಇನ್ನೊಂದು ಸಲ ಕಾರು ವಾಪಸ್ ಕರೆಸೋ ಧೈರ್ಯ ಯಾರಿಗಿರುತ್ತೆ?

ಈಗ ನಿಮ್ಮ ಎರಡು ಸೆಟ್ ವಿಷಯ. ಎಚ್-ಬೀಮ್ ಒಳ್ಳೇದಾ ಐ-ಬೀಮ್ ಒಳ್ಳೇದಾ ಅನ್ನೋದು ನನ್ನ ಪ್ರಕಾರ ಫೋಟೋ ನೋಡಿ ಆಡೋ ಜಗಳ. ಎರಡರಲ್ಲೂ ಒಳ್ಳೇದಿದೆ, ಕೆಟ್ಟದ್ದಿದೆ. ರಾಡ್ ಮೇಲೆ 4340 ಅಂತ ಕೊರೆದಿರುತ್ತೆ. ಅದು ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಇರೋ ಉಕ್ಕು. ಪೀಣ್ಯದ ವರ್ಕ್‌ಶಾಪ್‌ನವರಿಗೆ ಇಎನ್ 24 ಅಂದ್ರೆ ಗೊತ್ತಲ್ಲ, ಹೆಚ್ಚೂ ಕಡಿಮೆ ಅದರದೇ ಸಂಬಂಧಿ. ಕೊರೆದ ಮಾತ್ರಕ್ಕೆ ಒಳಗೆ ಅದೇ ಇದೆ ಅಂತಲ್ಲ, ಹದ ಸರಿ ಆಗಿದೆ ಅಂತಲೂ ಅಲ್ಲ. ಹಾರ್ಡ್‌ನೆಸ್ ಟೆಸ್ಟ್ ಮಾಡಿಸಿ. ದೊಡ್ಡ ತೂತನ್ನು ಬೋರ್ ಗೇಜ್‌ನಲ್ಲಿ ಅಳೆಸಿ, ಕ್ಯಾಪ್ ಬಿಚ್ಚಿ ಮತ್ತೆ ಬಿಗಿದು ಇನ್ನೊಂದು ಸಲ ಅಳೆಸಿ. ಎಲ್ಲ ರಾಡೂ ಒಂದೇ ತೂಕ ಇದೆಯಾ ನೋಡಿ. ಗಟ್ಟಿ ರಾಡ್ ಬಹಳ ಸಲ ಭಾರವೂ ಹೌದು, ವಿ8 ಥರದ ಎಂಜಿನ್ ಆದ್ರೆ ಕ್ರ್ಯಾಂಕನ್ನೂ ಮತ್ತೆ ಬ್ಯಾಲೆನ್ಸ್ ಮಾಡಿಸ್ಬೇಕು.

ದುಡ್ಡು ಕಮ್ಮಿ ಇದ್ರೆ ನಾನು ಬೋಲ್ಟ್ ಕಡೆ ವಾಲ್ತೀನಿ, ರೆಡ್‌ಲೈನ್ ಏರಿಸೋ ಆಸೆ ಇರೋರಿಗೆ ಇನ್ನೂ ಗಟ್ಟಿಯಾಗಿ ಹೇಳ್ತೀನಿ. 1968ರಲ್ಲಿ ಶೆವರ್ಲೆ ಕೂಡ ತನ್ನ ಪ್ರಸಿದ್ಧ ಸಣ್ಣ ವಿ8ನ ರಾಡ್ ಬೋಲ್ಟನ್ನು ಇಂಚಿನ 32ರಲ್ಲಿ 11 ಭಾಗದಿಂದ 12 ಭಾಗಕ್ಕೆ ದಪ್ಪ ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಎಆರ್‌ಪಿ ಶುರುವಾಯ್ತು, ಇವತ್ತು ಒಳ್ಳೇ ರಾಡ್ ಸೆಟ್‌ಗಳ ಜೊತೆ ಬರೋ ಬೋಲ್ಟ್‌ನ ಹೆಸರು. ಇದನ್ನ ಬರೀ ಟಾರ್ಕ್ ರೆಂಚ್‌ನಲ್ಲಿ ಬಿಗಿಯೋದಲ್ಲ. ಬೋಲ್ಟ್ ಎಷ್ಟು ಹಿಗ್ಗಿತು ಅಂತ ಗೇಜ್ ಇಟ್ಟು ಅಳೀತಾರೆ, ಇಂಚಿನ ಸಾವಿರದಲ್ಲಿ ಐದಾರು ಭಾಗ. ಸರಿಯಾದ ಅಂಕಿ ಡಬ್ಬಿಯೊಳಗಿನ ಚೀಟಿಯಲ್ಲಿರುತ್ತೆ. ನಿಮ್ಮ ಟ್ಯೂನರ್ ಹತ್ರ ಆ ಗೇಜ್ ಇದೆಯಾ ಅಂತ ರಾಡ್ ಆರ್ಡರ್ ಮಾಡೋಕೆ ಮುಂಚೆ ಕೇಳಿ.

ಟರ್ಮಿನೇಟರ್ ಕೊಂಡವರು ಏನ್ ಮಾಡಿದ್ರು ಗೊತ್ತಾ? ಸೂಪರ್‌ಚಾರ್ಜರ್‌ನ ಪುಲ್ಲಿ ತೆಗೆದು ಅದಕ್ಕಿಂತ ಸಣ್ಣದು ಹಾಕಿದ್ರು, ಟ್ಯೂನ್ ಬದಲಿಸಿದ್ರು, ಬೂಸ್ಟ್ ಏರಿತು. ಇಬ್ಬರ ಸಹಿ ಇರೋ ಎಂಜಿನ್ನಿನ ತಳಭಾಗ ಬಿಚ್ಚಲೇ ಇಲ್ಲ. ಕಾರ್ಖಾನೆ ಹಾಕಿದ್ದ ಬಜಾರಿನ ರಾಡ್ ಹಾಗೇ ಒಳಗೆ ಓಡ್ತಾ ಇತ್ತು.