ಸೂರ್ಯನ ನ್ಯೂಟ್ರಿನೋಗಳೂ ದ್ರವ್ಯದ ಪ್ರಭಾವವೂ

ಸೂರ್ಯನ ಗರ್ಭದಲ್ಲಿ ಜಲಜನಕವು ಹೀಲಿಯಮ್ಮಾಗಿ ಮಾರ್ಪಡುವಾಗ ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೋಗಳೆಂಬ ಸೂಕ್ಷ್ಮಕಣಗಳು ಹೊರಡುವುವು. ಇವನ್ನು ಎಣಿಸುವುದಕ್ಕಾಗಿ ರೇಮಂಡ್ ಡೇವಿಸ್ ಎಂಬ ವಿಜ್ಞಾನಿಯು ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು ೧೫೦೦ ಮೀಟರು ಆಳದಲ್ಲಿ, ಕ್ಲೋರಿನ್ ಕೂಡಿದ ದ್ರವದ ದೊಡ್ಡ ತೊಟ್ಟಿಯೊಂದನ್ನು ಇರಿಸಿದನು. ನ್ಯೂಟ್ರಿನೋವನ್ನು ಹೀರಿದ ಕ್ಲೋರಿನ್ ಪರಮಾಣುವು ಆರ್ಗಾನ್ ಆಗುವುದು; ಆ ಕೆಲವೇ ಪರಮಾಣುಗಳನ್ನು ಬೇರ್ಪಡಿಸಿ ಎಣಿಸುವುದೇ ಅವನ ಕ್ರಮವು. ಮೊದಲನೆಯ ಫಲವು ೧೯೬೮ರಲ್ಲಿ ಪ್ರಕಟವಾಯಿತು. ಮುಂದೆ ಅನೇಕ ವರ್ಷಗಳ ಎಣಿಕೆಯಲ್ಲಿಯೂ ಜಾನ್ ಬಕಾಲನ ಗಣಿತದ ಮೂರರಲ್ಲೊಂದು ಪಾಲಿನಷ್ಟೇ ದೊರೆಯಿತು. ತಪ್ಪು ಗಣಿತದ್ದೋ ಎಣಿಕೆಯದೋ ಎಂಬ ವಿವಾದವು ಬಹುಕಾಲ ನಡೆಯಿತು.

ನ್ಯೂಟ್ರಿನೋಗಳು ದಾರಿಯಲ್ಲಿ ಬಗೆಯನ್ನು ಬದಲಿಸುವುದಾದರೆ ಎಣಿಕೆ ಕಡಿಮೆಯಾಗುವುದೆಂದು ಪೊಂಟೆಕೋರ್ವೋ ೧೯೬೭ರಲ್ಲಿಯೇ ಸೂಚಿಸಿದ್ದನು. ಆದರೆ ಎರಡು ಬಗೆಗಳ ನಡುವೆ ಬರಿಯ ಶೂನ್ಯಾಕಾಶದಲ್ಲಿ ನಡೆಯುವ ಆಂದೋಲನದ ಸರಾಸರಿಯು ಮೂಲಬಗೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಲಾರದು. ೧೯೭೮ರಲ್ಲಿ ವೂಲ್ಫೆನ್‌ಸ್ಟೈನನು, ದ್ರವ್ಯದೊಳಗಿನ ಎಲೆಕ್ಟ್ರಾನುಗಳು ಎಲೆಕ್ಟ್ರಾನ್ ಬಗೆಯ ನ್ಯೂಟ್ರಿನೋಗಳ ಗತಿಯನ್ನು ಮಾತ್ರ ವಿಶೇಷವಾಗಿ ಮಾರ್ಪಡಿಸುವುವೆಂದು ತೋರಿಸಿದನು. ಸಾಂದ್ರತೆಯು ಕ್ರಮವಾಗಿ ಇಳಿಯುವ ಸೂರ್ಯನ ಒಡಲಿನಲ್ಲಿ ಈ ಕಾರಣದಿಂದ ಬಗೆಯ ಮಾರ್ಪಾಡು ಬಲವಾಗಿ ನಡೆಯಬಹುದೆಂದು ಮಿಖೆಯೆವ್ ಮತ್ತು ಸ್ಮಿರ್ನೋವರು ೧೯೮೫ರಲ್ಲಿ ಸಾಧಿಸಿದರು.

ಇನ್ನು ಪ್ರಮಾಣದ ವಿಚಾರ. ಕೆನಡದ ಸಡ್‌ಬರಿಯಲ್ಲಿ, ಎರಡು ಕಿಲೋಮೀಟರು ಆಳದಲ್ಲಿ, ೧೦೦೦ ಟನ್ನು ಭಾರಜಲವನ್ನು ಬಳಸಲಾಯಿತು. ಭಾರಜಲದಲ್ಲಿ ಒಂದು ಕ್ರಿಯೆಯು ಎಲೆಕ್ಟ್ರಾನ್ ಬಗೆಗೆ ಮಾತ್ರ ಸಲ್ಲುವುದು. ಇನ್ನೊಂದು ಮೂರು ಬಗೆಗಳಿಗೂ ಸಮಾನವು. ೨೦೦೨ರಲ್ಲಿ ಪ್ರಕಟವಾದ ಫಲದಂತೆ ಒಟ್ಟು ಸಂಖ್ಯೆಯು ಗಣಿತಕ್ಕೆ ಹೊಂದಿತು; ಎಲೆಕ್ಟ್ರಾನ್ ಬಗೆಯವು ಮೂರರಲ್ಲೊಂದು ಪಾಲಿನಷ್ಟೇ ಇದ್ದವು. ಬಕಾಲನ ಗಣಿತವೂ ಡೇವಿಸನ ಎಣಿಕೆಯೂ ಎರಡೂ ಸರಿಯೆಂದಾಯಿತು. ಅದೇ ವರ್ಷ ಡೇವಿಸನು ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದನು.

ಬಗೆ ಬದಲಾದುದು ಇದರಿಂದ ಸಿದ್ಧವಾಯಿತು. ದ್ರವ್ಯದ ಕೈವಾಡವಾದರೋ ಶಕ್ತಿಭೇದದಿಂದ ವ್ಯಕ್ತವಾಗುವುದು. ಇಟಲಿಯ ಬೊರೆಕ್ಸಿನೋ ಯಂತ್ರವು ೨೦೧೪ರಲ್ಲಿ ನೇರವಾಗಿ ಅಳೆದ ಅಲ್ಪಶಕ್ತಿಯ ನ್ಯೂಟ್ರಿನೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲಬಗೆಯಲ್ಲಿಯೇ ಉಳಿದಿದ್ದವು. ಸಡ್‌ಬರಿಯಲ್ಲಿ ಕಂಡ ಅಧಿಕಶಕ್ತಿಯವುಗಳಲ್ಲಿ ಉಳಿದುದು ಮೂರರಲ್ಲೊಂದು. ದ್ರವ್ಯದ ಪ್ರಭಾವವು ಶಕ್ತಿಯೊಡನೆ ಹೆಚ್ಚುವುದರಿಂದ ಈ ಅಂತರವು ತಾನಾಗಿ ಒದಗುವುದು. ಭೂಮಿಯನ್ನು ಹಾದು ಬರುವ ರಾತ್ರಿಯ ನ್ಯೂಟ್ರಿನೋಗಳ ಎಣಿಕೆಯು ಹಗಲಿನದಕ್ಕಿಂತ ನೂರಕ್ಕೆ ಸುಮಾರು ಮೂರು ಹೆಚ್ಚೆಂದು ಜಪಾನಿನ ಸೂಪರ್ ಕಾಮಿಯೋಕಾಂಡೆ ೨೦೧೪ರಲ್ಲಿ ವರದಿಮಾಡಿತು. ಇದು ಸೂಚನೆಯೇ ಹೊರತು ನಿರ್ಣಯವಲ್ಲ; ಆದರೂ ಸಿದ್ಧಾಂತವು ಹೇಳಿದ ದಿಕ್ಕಿನಲ್ಲಿಯೇ ಇದೆ. ಆದಕಾರಣ ಹೋಮ್‌ಸ್ಟೇಕಿನ ಕೊರತೆಯು ದೋಷವಲ್ಲ. ಸೂರ್ಯನ ಒಡಲನ್ನು ದಾಟಿಬಂದುದರ ಗುರುತೆಂದೇ ತಿಳಿಯತಕ್ಕದ್ದು.